ನಿಮಗಿದು ಗೊತ್ತೇ? ಫೋಟೋಗೆ ಇಂಚೇ ಇಲ್ಲ!

ಕಂಪ್ಯೂಟರಿನ ಒಳಹೊಕ್ಕ ಮೊಟ್ಟಮೊದಲ ಫೋಟೋದಲ್ಲಿರುವುದು ಯಾರು ಗೊತ್ತೇ? ಮೂರು ತಿಂಗಳ ಹಸುಗೂಸು! 1957ರಲ್ಲಿ ಅಮೆರಿಕದ ರಸೆಲ್ ಕಿರ್ಶ್ ತಮ್ಮ ಮಗ ವಾಲ್ಡನ್‌ನ ಫೋಟೋವನ್ನು, ತಮ್ಮ ತಂಡವೇ ಕಟ್ಟಿದ್ದ ಸ್ಕ್ಯಾನರಿಗೆ ಒಡ್ಡಿದರು. ಡಿಜಿಟಲ್ ಚಿತ್ರಗಳ ವಂಶವೃಕ್ಷ ಶುರುವಾಗುವುದೇ ಆ ಪಾಪುವಿನಿಂದ.

ಅದರ ಅಳತೆ ಕೇಳಿ. ಅಡ್ಡಕ್ಕೆ 176 ಚುಕ್ಕಿ, ಉದ್ದಕ್ಕೂ 176 ಚುಕ್ಕಿ. ಈ ಚುಕ್ಕಿಗಳೇ ಪಿಕ್ಸೆಲ್‌ಗಳು. ಒಟ್ಟು 30,976. ಹತ್ತು ಲಕ್ಷ ಪಿಕ್ಸೆಲ್ ಸೇರಿದರೆ ಒಂದು ಮೆಗಾಪಿಕ್ಸೆಲ್. ನಿಮ್ಮ ಜೇಬಿನಲ್ಲಿರುವ 12 ಮೆಗಾಪಿಕ್ಸೆಲ್ ಫೋನಿನ ಒಂದೇ ಒಂದು ಫೋಟೋದಲ್ಲಿ ಅಂಥ 387 ಪಾಪುಗಳನ್ನು ಕೂರಿಸಬಹುದು!

ಈಗ ಹೇಳಿ, ಆ ಪಾಪುವಿನ ಚಿತ್ರ ಎಷ್ಟು ಇಂಚು? ಸ್ಕ್ಯಾನ್ ಮಾಡಿದ ಮೂಲ ಫೋಟೋ 5 ಸೆಂ.ಮೀ. ಚೌಕ. ಇವತ್ತು 300 ಡಿಪಿಐ, ಅಂದರೆ ಇಂಚಿಗೆ 300 ಚುಕ್ಕಿಯ ಲೆಕ್ಕದಲ್ಲಿ ಪ್ರಿಂಟ್ ಹಾಕಿದರೆ ಬರೀ ಒಂದೂವರೆ ಸೆಂ.ಮೀ. ಸಿನಿಮಾ ಪರದೆಯ ಮೇಲೆ ಬಿಟ್ಟರೆ ಮೂವತ್ತು ಅಡಿಯೂ ಆದೀತು. ಚುಕ್ಕಿ ಮಾತ್ರ ಅದೇ 30,976! ಡಿಜಿಟಲ್ ಫೋಟೋಗೆ ತನ್ನದೇ ಅಂತ ಇಂಚೇ ಇಲ್ಲ.

ನಂಬಿಕೆ ಬರುತ್ತಿಲ್ಲವೇ? ಮನೆ ಮುಂದಿನ ರಂಗೋಲಿ ನೋಡಿ. ಹದಿನೈದು ಚುಕ್ಕಿ, ಹದಿನೈದು ಸಾಲು ಅಂದ ಮಾತ್ರಕ್ಕೆ ರಂಗೋಲಿ ಎಷ್ಟು ದೊಡ್ಡದು ಅಂತ ಹೇಳಲಾಗದು. ಒತ್ತಾಗಿ ಇಟ್ಟರೆ ಹೊಸಿಲಿಗೆ ಸಾಕು. ಬಿಡಿಸಿ ಇಟ್ಟರೆ ಅಂಗಳ ತುಂಬುತ್ತದೆ. ಫೋಟೋವೂ ಹಾಗೇ!

'ಇಂಟರ್ನೆಟ್ಟಿಗೆ 72 ಡಿಪಿಐ, ಪ್ರಿಂಟಿಗೆ 300 ಡಿಪಿಐ.' ಈ ಮಾತನ್ನು ನೀವು ಕೇಳಿಯೇ ಇರುತ್ತೀರಿ. ಅದರಲ್ಲಿ ಅರ್ಧ ಬರೀ ಭ್ರಮೆ! ಫೋಟೋ ಫೈಲಿನ ಒಳಗೆ ಡಿಪಿಐ ಅಂತ ಒಂದು ಚಿಕ್ಕ ಅಂಕಿ ಕೂತಿರುತ್ತದೆ, ನಿಜ. ಆದರೆ ಅದು ಬರೀ ಚೀಟಿ. ಪ್ರಿಂಟ್ ಹಾಕುವಾಗ ಚುಕ್ಕಿಗಳನ್ನು ಎಷ್ಟು ಒತ್ತಾಗಿ ಇಡಬೇಕು ಅಂತ ಪ್ರಿಂಟರಿಗೆ ಬರೆದಿಟ್ಟ ಸೂಚನೆ. ಫೋನಿನ ಪರದೆ ಆ ಚೀಟಿಯನ್ನು ಓದುವ ಗೋಜಿಗೇ ಹೋಗುವುದಿಲ್ಲ.

ನೀವೇ ಪರೀಕ್ಷೆ ಮಾಡಿ. ಒಂದೇ ಫೋಟೋದ ಎರಡು ಪ್ರತಿ ತೆಗೆದುಕೊಳ್ಳಿ. ಫೋಟೋಶಾಪ್‌ನಂಥ ತಂತ್ರಾಂಶದಲ್ಲಿ ಒಂದಕ್ಕೆ 72 ಎಂದು, ಇನ್ನೊಂದಕ್ಕೆ 300 ಎಂದು ಬರೆಯಿರಿ. ಪಿಕ್ಸೆಲ್‌ಗಳನ್ನು ಮಾತ್ರ ಮುಟ್ಟಬೇಡಿ. ಎರಡನ್ನೂ ಪರದೆ ಮೇಲೆ ಅಕ್ಕಪಕ್ಕ ಇಡಿ. ಕಣ್ಣರಳಿಸಿ ನೋಡಿದರೂ ಕೂದಲೆಳೆಯ ವ್ಯತ್ಯಾಸ ಸಿಗದು! ಎಷ್ಟೋ ಅರ್ಜಿ ನಮೂನೆಗಳು ಇಂದಿಗೂ '300 ಡಿಪಿಐ ಫೋಟೋ ಕಳಿಸಿ' ಅನ್ನುತ್ತವೆ. ಎಷ್ಟು ಪಿಕ್ಸೆಲ್ ಬೇಕು ಅಂತ ಕೇಳಿದ್ದರೆ ಎಷ್ಟು ಜನರ ತಲೆನೋವು ತಪ್ಪುತ್ತಿತ್ತು!

ಹಾಗಾದರೆ ಈ 72 ಎಲ್ಲಿಂದ ಬಂತು? 1984ರ ಮೊದಲ ಮ್ಯಾಕಿಂಟೋಷ್ ಕಂಪ್ಯೂಟರಿನಿಂದ! ಅದರ ಪರದೆಯಲ್ಲಿ ಇಂಚಿಗೆ ಸರಿಯಾಗಿ 72 ಚುಕ್ಕಿ. ಅಚ್ಚುಕೂಟದವರ ಅಳತೆಯಲ್ಲೂ ಇಂಚಿಗೆ 72 ಪಾಯಿಂಟ್. ಹಾಗಾಗಿ ಪರದೆಯ ಮೇಲೆ 12 ಪಾಯಿಂಟ್ ಅಕ್ಷರ ಎಷ್ಟು ಎತ್ತರವೋ ಕಾಗದದ ಮೇಲೂ ಅಷ್ಟೇ ಎತ್ತರ. ಎಂಥ ಜಾಣ ಲೆಕ್ಕ! ಆ ಪರದೆ ಮ್ಯೂಸಿಯಂ ಸೇರಿ ಎಷ್ಟೋ ವರ್ಷವಾಯಿತು. 72 ಮಾತ್ರ ಇನ್ನೂ ಜನರ ಬಾಯಲ್ಲಿ ಬದುಕಿದೆ!

ಆ ಮ್ಯಾಕಿಂಟೋಷ್ ಪರದೆ ಪೂರ್ತಿ ಸೇರಿ 512 ಅಡ್ಡ, 342 ಉದ್ದ. ಎರಡು ಲಕ್ಷ ಚುಕ್ಕಿಯೂ ಇಲ್ಲ. ಜಗತ್ತು ಅದನ್ನೇ ಕಂಡು ಬೆರಗಾಗಿತ್ತು!

ನಿಮ್ಮ ಹಾಲ್‌ನಲ್ಲಿರುವ ಫುಲ್ ಎಚ್‌ಡಿ ಟಿ.ವಿ. ಎಷ್ಟು ಮೆಗಾಪಿಕ್ಸೆಲ್ ಗೊತ್ತೇ? ಬರೀ ಎರಡು! 1920 ಗುಣಿಸು 1080. ಅಲ್ಲಿಗೆ ಇಪ್ಪತ್ತು ಲಕ್ಷದ ಚಿಲ್ಲರೆ. 4ಕೆ ಟಿ.ವಿ. ಅಂದರೂ ಎಂಟು ಮೆಗಾಪಿಕ್ಸೆಲ್ ದಾಟಿದರೆ ಹೆಚ್ಚು. ನಿಮ್ಮ ಫೋನಿನ ಫೋಟೋವನ್ನು ಟಿ.ವಿ.ಯಲ್ಲಿ ಹಾಕಿದಾಗ ಎಷ್ಟೋ ಪಿಕ್ಸೆಲ್‌ಗಳಿಗೆ ಜಾಗವೇ ಸಿಗದೆ ಹೋಗುತ್ತದೆ.

32 ಇಂಚಿನ ಫುಲ್ ಎಚ್‌ಡಿ ಟಿ.ವಿ.ಗೂ 55 ಇಂಚಿನ ಫುಲ್ ಎಚ್‌ಡಿ ಟಿ.ವಿ.ಗೂ ಪಿಕ್ಸೆಲ್ ಒಂದೇ ಸಮ. ಒಂದೂ ಹೆಚ್ಚಿಲ್ಲ, ಒಂದೂ ಕಮ್ಮಿ ಇಲ್ಲ! ದೊಡ್ಡದರಲ್ಲಿ ಚುಕ್ಕಿಗಳು ದಪ್ಪ, ಅಷ್ಟೇ.

ನಿಮ್ಮ ಪರದೆಯ ಚುಕ್ಕಿಗಳನ್ನು ಬರಿಗಣ್ಣಿನಲ್ಲಿ ನೋಡಬೇಕೇ? ಸೂಕ್ಷ್ಮದರ್ಶಕ ಬೇಡ. ಒಂದು ಹನಿ ನೀರು ಸಾಕು! ಫೋನಿನಲ್ಲಿ ಬಿಳಿ ಪುಟ ತೆರೆದಿಡಿ. ಬೆರಳ ತುದಿಯಿಂದ ಸಾಸಿವೆ ಗಾತ್ರದ ಹನಿಯನ್ನು ಪರದೆ ಮೇಲೆ ಇಳಿಸಿ. ಹನಿಯೇ ಭೂತಗನ್ನಡಿ. ಬಿಳಿ ಮಾಯ! ಅಲ್ಲಿ ಕೆಂಪು, ಹಸಿರು, ನೀಲಿ ಕಣಗಳು ಸಾಲುಗಟ್ಟಿ ನಿಂತಿವೆ. ಪರದೆಯಲ್ಲಿ ಬಿಳಿ ಬಣ್ಣದ ಚುಕ್ಕಿ ಎಂಬುದೇ ಇಲ್ಲ. ಮೂರೂ ಒಟ್ಟಿಗೆ ಉರಿದಾಗ ನಿಮ್ಮ ಕಣ್ಣು ಅದನ್ನು ಬಿಳಿ ಅನ್ನುತ್ತದೆ. ನೋಡಿದ ಮೇಲೆ ಹನಿಯನ್ನು ಒರೆಸಿಬಿಡಿ!

ಈ ಮೂರು ಬಣ್ಣದ ಉಪಾಯ ಫೋನಿಗಿಂತ ಎಷ್ಟು ಹಳೆಯದು ಗೊತ್ತೇ? 1861ರದ್ದು! ಲಂಡನ್ನಿನಲ್ಲಿ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ ಒಂದು ಬಣ್ಣದ ರಿಬ್ಬನ್ನಿನ ಮೂರು ಕಪ್ಪುಬಿಳುಪು ಫೋಟೋಗಳನ್ನು ಕೆಂಪು, ಹಸಿರು, ನೀಲಿ ಬೆಳಕಿನಲ್ಲಿ ಗೋಡೆಗೆ ಬಿಟ್ಟು, ಒಂದರ ಮೇಲೊಂದು ಕೂಡಿಸಿ ತೋರಿಸಿದರು. ಬಣ್ಣ ಎದ್ದು ಬಂತು! ಸೋಜಿಗ ಏನೆಂದರೆ ಅಂದು ಫೋಟೋ ಹಿಡಿಯುತ್ತಿದ್ದ ಗಾಜಿನ ಫಲಕಕ್ಕೆ ಕೆಂಪು ಬಣ್ಣ ಕಾಣುತ್ತಲೇ ಇರಲಿಲ್ಲ. ಆದರೂ ಕೆಂಪು ಬಂದದ್ದು ಹೇಗೆ? ನೂರು ವರ್ಷ ಕಳೆದ ಮೇಲೆ ಗುಟ್ಟು ಬಯಲಾಯಿತು. ಆ ರಿಬ್ಬನ್ನಿನ ಕೆಂಪು ಭಾಗ ಕಣ್ಣಿಗೆ ಕಾಣದ ಅತಿನೇರಳೆ ಬೆಳಕನ್ನೂ ಪ್ರತಿಫಲಿಸುತ್ತಿತ್ತು. ಗಾಜು ಹಿಡಿದದ್ದು ಅದನ್ನು!

ಇಂಚಿಗೆ 300 ಚುಕ್ಕಿಯೇ ಯಾಕೆ ಬೇಕು? 200 ಯಾಕಲ್ಲ, 1000 ಯಾಕಲ್ಲ? ಉತ್ತರ ಇರುವುದು ನಿಮ್ಮ ಕಣ್ಣಿನಲ್ಲಿ! ಒಳ್ಳೆಯ ದೃಷ್ಟಿ ಇರುವ ಕಣ್ಣು ಒಂದು ಡಿಗ್ರಿಯ ಅರವತ್ತನೇ ಒಂದು ಭಾಗದಷ್ಟು ಸಣ್ಣದನ್ನು ಬಿಡಿಸಿ ನೋಡಬಲ್ಲದು. ಒಂದು ಅಡಿ ದೂರದಲ್ಲಿ ಹಿಡಿದ ಕಾಗದಕ್ಕೆ ಆ ಲೆಕ್ಕ ಹಾಕಿದರೆ ಇಂಚಿಗೆ ಸುಮಾರು 286 ಚುಕ್ಕಿ. ದುಂಡಗೆ ಹೇಳಿದರೆ 300. ಅದಕ್ಕಿಂತ ಒತ್ತಾಗಿ ಇಟ್ಟರೆ ಒಂದಡಿ ದೂರದ ಕಣ್ಣಿಗೆ ಚುಕ್ಕಿ ಬೇರೆ ಬೇರೆಯಾಗಿ ಕಾಣುವುದೇ ಇಲ್ಲ!

2010ರಲ್ಲಿ ಐಫೋನ್ 4 ಬಂದಾಗ ಆಪಲ್ ಕಂಪನಿ ಇದೇ ಲೆಕ್ಕವನ್ನು ಮುಂದಿಟ್ಟಿತು. ಮೂರೂವರೆ ಇಂಚಿನ ಪರದೆ, ಇಂಚಿಗೆ 326 ಚುಕ್ಕಿ. ಅಚ್ಚಾದ ಪುಟದ ನಯ ಜೇಬಿಗೆ ಇಳಿಯಿತು!

ಕಣ್ಣಿನ ಇನ್ನೊಂದು ವಿಚಿತ್ರ ಕೇಳಿ. ಅದು ಇಡೀ ನೋಟವನ್ನು ಒಟ್ಟಿಗೆ ಚೂಪಾಗಿ ನೋಡುವುದೇ ಇಲ್ಲ! ಕೈಯನ್ನು ನೀಳವಾಗಿ ಚಾಚಿ ಹೆಬ್ಬೆರಳ ಉಗುರು ನೋಡಿ. ನಿಮ್ಮ ಕಣ್ಣು ಒಂದು ಗಳಿಗೆಯಲ್ಲಿ ನಿಚ್ಚಳವಾಗಿ ಕಾಣುವುದು ಹೆಚ್ಚುಕಮ್ಮಿ ಅಷ್ಟೇ ಜಾಗ. ಉಳಿದದ್ದೆಲ್ಲ ಮಸುಕು. ಕಣ್ಣು ಸರಸರ ಓಡಾಡುತ್ತದೆ, ಮಿದುಳು ಎಲ್ಲವನ್ನೂ ಹೊಲಿದು ಒಂದೇ ಚಿತ್ರ ಮಾಡಿ ಕೊಡುತ್ತದೆ!

ಎಷ್ಟು ದೂರಕ್ಕೆ ಎಷ್ಟು ಚುಕ್ಕಿ ಬೇಕು ಅನ್ನಲು ಒಂದು ಸುಲಭ ಸೂತ್ರ ಇಲ್ಲಿದೆ. 3400 ಎಂಬ ಅಂಕಿಯನ್ನು ನೋಡುವ ದೂರದ ಇಂಚುಗಳಿಂದ ಭಾಗಿಸಿ. ಇಂಚಿಗೆ ಎಷ್ಟು ಚುಕ್ಕಿ ಸಾಕು ಅನ್ನುವುದು ಸಿಕ್ಕಿಬಿಡುತ್ತದೆ. ಹತ್ತು ಅಡಿಗೆ 28. ಐವತ್ತು ಅಡಿಗೆ ಬರೀ ಆರು!

ಇದೇ ಸೂತ್ರವನ್ನು ಸೋಫಾ ಮೇಲೆ ಕೂತು ಹಾಕಿ ನೋಡಿ. ಟಿ.ವಿ. ಎಂಟು ಅಡಿ ದೂರದಲ್ಲಿದ್ದರೆ ಇಂಚಿಗೆ 35 ಚುಕ್ಕಿ ಸಾಕು. 55 ಇಂಚಿನ ಸಾದಾ ಫುಲ್ ಎಚ್‌ಡಿಯಲ್ಲೇ 40 ಇವೆ! 4ಕೆ ಕೊಡುವುದು 80. ಚುಕ್ಕಿಯ ಲೆಕ್ಕ ಮಾತ್ರ ನೋಡಿದರೆ ಅಷ್ಟು ದೂರದಿಂದ ಆ ಹೆಚ್ಚಿನ ಚುಕ್ಕಿಗಳು ಸಾಮಾನ್ಯ ಕಣ್ಣಿಗೆ ಸಿಗುವುದೇ ಇಲ್ಲ. ಟಿ.ವಿ. ಕೊಳ್ಳುವ ಮುಂಚೆ ಸೋಫಾದಿಂದ ಗೋಡೆಗೆ ಟೇಪು ಹಿಡಿದು ಅಳೆಯಿರಿ!

ಹಾಗಾದರೆ ರಸ್ತೆ ಬದಿಯ ಫ್ಲೆಕ್ಸ್? 20 ಅಡಿ ಅಗಲ, 10 ಅಡಿ ಎತ್ತರ ಅಂತಿಟ್ಟುಕೊಳ್ಳಿ. ಅದಕ್ಕೂ 300 ಡಿಪಿಐ ಬೇಕು ಅಂತ ಹಟ ಹಿಡಿದರೆ ಎಷ್ಟು ಪಿಕ್ಸೆಲ್ ಆಯಿತು? 72,000 ಗುಣಿಸು 36,000. ಅಂದರೆ 2,592 ಮೆಗಾಪಿಕ್ಸೆಲ್! ಅಂಥ ಕ್ಯಾಮೆರಾ ಯಾವ ಸ್ಟುಡಿಯೋದಲ್ಲೂ ಸಿಗದು. ಆದರೆ ದೂರದಿಂದ ನೋಡುವ ಫ್ಲೆಕ್ಸಿಗೆ ಇಂಚಿಗೆ 20 ಚುಕ್ಕಿ ಧಾರಾಳ. ಆಗ 4,800 ಗುಣಿಸು 2,400. ಬರೀ ಹನ್ನೊಂದೂವರೆ ಮೆಗಾಪಿಕ್ಸೆಲ್. ಜೇಬಿನ ಫೋನೇ ಸಾಕು!

ಸುಳ್ಳಲ್ಲ. 2015ರಲ್ಲಿ ಆಪಲ್ ಕಂಪನಿ ಐಫೋನ್ 6ರಲ್ಲಿ ಜನ ತೆಗೆದ ಫೋಟೋಗಳನ್ನು ದೇಶದೇಶಗಳ ಬೀದಿಗಳಲ್ಲಿ ದೈತ್ಯ ಹೋರ್ಡಿಂಗ್ ಮಾಡಿ ನಿಲ್ಲಿಸಿತು. ಆ ಫೋನಿನ ಕ್ಯಾಮೆರಾ ಎಷ್ಟು ಮೆಗಾಪಿಕ್ಸೆಲ್? ಕೇವಲ ಎಂಟು!

ಇನ್ನು ಕೈಯಲ್ಲಿ ಹಿಡಿದು ನೋಡುವ ಪ್ರಿಂಟಿಗೆ ಬನ್ನಿ. ಪಿಕ್ಸೆಲ್ ಎಷ್ಟಿದೆಯೋ ಅದನ್ನು 300ರಿಂದ ಭಾಗಿಸಿ. ಬಂದದ್ದೇ ಇಂಚು. ಇಷ್ಟೇ ವಿದ್ಯೆ! 4 ಗುಣಿಸು 6 ಇಂಚಿನ ಆಲ್ಬಂ ಪ್ರಿಂಟಿಗೆ 1200 ಗುಣಿಸು 1800 ಸಾಕು, ಎರಡು ಮೆಗಾಪಿಕ್ಸೆಲ್ ಚಿಲ್ಲರೆ. ಎ4 ಹಾಳೆ ತುಂಬ ಬೇಕೆಂದರೆ 2480 ಗುಣಿಸು 3508, ಒಂಬತ್ತು ಮೆಗಾಪಿಕ್ಸೆಲ್‌ಗೂ ಒಳಗೆ.

ಪಾಸ್‌ಪೋರ್ಟ್ ಸೈಜ್ ಫೋಟೋ? ಮೂರೂವರೆ ಸೆಂ.ಮೀ. ಅಗಲ, ನಾಲ್ಕೂವರೆ ಸೆಂ.ಮೀ. ಎತ್ತರ. ಪಿಕ್ಸೆಲ್‌ನಲ್ಲಿ 413 ಗುಣಿಸು 531. ಒಂದು ಮೆಗಾಪಿಕ್ಸೆಲ್‌ನ ಕಾಲು ಭಾಗವೂ ಇಲ್ಲ! ನಿಮ್ಮ ಫೋನಿನ ಒಂದು ಫೋಟೋದ ಪಿಕ್ಸೆಲ್‌ಗಳನ್ನು ಹಂಚಿದರೆ ಐವತ್ತಕ್ಕೂ ಹೆಚ್ಚು ಪಾಸ್‌ಪೋರ್ಟ್ ಫೋಟೋ ಆಗುತ್ತದೆ!

ಅಳತೆ ಎರಡರಷ್ಟಾದರೆ ಪಿಕ್ಸೆಲ್ ಎರಡರಷ್ಟು ಸಾಲದು. ನಾಲ್ಕರಷ್ಟು ಬೇಕು! ಜೂಮ್ ಕೂಡ ಹಾಗೇ ಸುಲಿಯುತ್ತದೆ. ಫೋನಿನ ಡಿಜಿಟಲ್ ಜೂಮ್‌ನಲ್ಲಿ ಎರಡರಷ್ಟು ಹತ್ತಿರ ಹೋದರೆ 12 ಮೆಗಾಪಿಕ್ಸೆಲ್‌ನಲ್ಲಿ ಉಳಿಯುವುದು ಮೂರು. ನಾಲ್ಕರಷ್ಟು ಹೋದರೆ ಮುಕ್ಕಾಲು! ಎರಡು ಹೆಜ್ಜೆ ಮುಂದೆ ನಡೆದು ತೆಗೆಯಿರಿ, ಒಂದು ಪಿಕ್ಸೆಲ್ಲೂ ಕಳೆಯದು.

ಈ ಮುಂದಿನದನ್ನು ದಯವಿಟ್ಟು ನಿಧಾನವಾಗಿ ಓದಿ. ಮದುವೆಯ ಗುಂಪು ಫೋಟೋದಿಂದ ಅಜ್ಜನ ಮುಖ ಕತ್ತರಿಸಿ ದೊಡ್ಡದು ಮಾಡಿಕೊಡಿ ಅಂತ ಸ್ಟುಡಿಯೋಗೆ ಹೋಗುವವರು ಎಷ್ಟು ಜನ! 4000 ಪಿಕ್ಸೆಲ್ ಅಗಲದ ಫೋಟೋದಲ್ಲಿ ಸಾಲಿಗೆ ಹದಿನೈದು ಜನ ನಿಂತರೆ ಒಬ್ಬೊಬ್ಬರಿಗೆ ಬರುವುದು 266 ಪಿಕ್ಸೆಲ್. ಅದರಲ್ಲಿ ಭುಜ, ಸಂದು ಎಲ್ಲ ಕಳೆದು ಮುಖಕ್ಕೆ ಹೆಚ್ಚೆಂದರೆ ನೂರು. 300ರ ಲೆಕ್ಕದಲ್ಲಿ ಅಜ್ಜನ ಮುಖ ಒಂದು ಸೆಂ.ಮೀ. ಕೂಡ ಬರಲಿಲ್ಲ! ಹತ್ತು ಇಂಚಿನ ಚೌಕಟ್ಟು ತುಂಬಿಸಿದರೆ ಇಂಚಿಗೆ ಹತ್ತೇ ಚುಕ್ಕಿ. ಹಣೆಯ ಗೆರೆ, ಕಣ್ಣಿನ ಹೊಳಪು ಅದರಲ್ಲಿ ಇರುವುದೇ ಇಲ್ಲ. ಕಂಪ್ಯೂಟರ್ ಊಹೆ ಮಾಡಿ ತುಂಬಬಹುದು. ಆದರೆ ಅದು ಕಂಪ್ಯೂಟರಿನ ಅಜ್ಜ, ನಿಮ್ಮ ಅಜ್ಜನಲ್ಲ. ಇವತ್ತೇ ಹತ್ತಿರ ಹೋಗಿ ಒಂದು ಫೋಟೋ ತೆಗೆಯಿರಿ. ಅದೇ ಫೋನು, ಅದೇ ಅಜ್ಜ, ಮುಖ ತುಂಬ ಪಿಕ್ಸೆಲ್!

ಪತ್ರಿಕೆಯ ಕಪ್ಪುಬಿಳುಪು ಫೋಟೋದಲ್ಲಿ ಬೂದು ಬಣ್ಣ ಇದೆಯೇ? ಇಲ್ಲ, ಒಂದು ತೊಟ್ಟೂ ಇಲ್ಲ! ಯಂತ್ರದಲ್ಲಿರುವುದು ಕಪ್ಪು ಶಾಯಿ ಒಂದೇ. ದಪ್ಪ ಚುಕ್ಕಿ ಇಟ್ಟರೆ ಗಾಢ, ಸಣ್ಣ ಚುಕ್ಕಿ ಇಟ್ಟರೆ ತಿಳಿ. ಉಳಿದದ್ದು ಕಣ್ಣಿನ ಕೈಚಳಕ. ನ್ಯೂಯಾರ್ಕಿನ 'ಡೈಲಿ ಗ್ರಾಫಿಕ್' ಪತ್ರಿಕೆ 1880ರ ಮಾರ್ಚ್ 4ರಂದೇ ಒಂದು ಕೊಳೆಗೇರಿಯ ಫೋಟೋವನ್ನು ಹೀಗೆ ಚುಕ್ಕಿಚುಕ್ಕಿಯಾಗಿ ಒಡೆದು ಅಚ್ಚು ಹಾಕಿತ್ತು!

ಬಣ್ಣದ ಪುಟದ ಮೇಲೆ ಭೂತಗನ್ನಡಿ ಹಿಡಿಯಿರಿ. ನಾಲ್ಕೇ ಶಾಯಿ! ಆಕಾಶನೀಲಿ, ಕಡುಗುಲಾಬಿ, ಹಳದಿ, ಕಪ್ಪು. ನಾಲ್ಕರ ಚುಕ್ಕಿಸಾಲುಗಳೂ ಬೇರೆ ಬೇರೆ ಕೋನದಲ್ಲಿ ಓರೆಯಾಗಿ ನಿಂತಿರುತ್ತವೆ. ಕಪ್ಪು ಸಾಮಾನ್ಯವಾಗಿ 45 ಡಿಗ್ರಿಗೆ. ಒಂದೇ ಕೋನಕ್ಕೆ ಇಟ್ಟರೆ ಚುಕ್ಕಿಗೆ ಚುಕ್ಕಿ ಡಿಕ್ಕಿ ಹೊಡೆದು ಅಲೆಅಲೆಯ ಗೆರೆ ಏಳುತ್ತದೆ. ಓರೆ ಇಟ್ಟರೆ ಪುಟಾಣಿ ಗುಲಾಬಿ ಹೂಗಳ ವಿನ್ಯಾಸ ಮೂಡುತ್ತದೆ!

ಸಣ್ಣ ಗೆರೆಗಳ ಅಂಗಿ ತೊಟ್ಟವರು ಟಿ.ವಿ.ಯಲ್ಲಿ ಕಂಡಾಗ ಅಂಗಿ ಕುಣಿದಂತೆ ಅನ್ನಿಸಿದೆಯೇ? ಅದೂ ಇದೇ ಡಿಕ್ಕಿ! ಅಂಗಿಯ ಗೆರೆಗೂ ಕ್ಯಾಮೆರಾದ ಪಿಕ್ಸೆಲ್ ಸಾಲಿಗೂ ಹೊಂದಾಣಿಕೆ ತಪ್ಪಿದಾಗ ಇಲ್ಲದ ಅಲೆ ಹುಟ್ಟುತ್ತದೆ.

ಅಚ್ಚಿನ ಮನೆಯಲ್ಲಿ 300 ಎಂಬ ಅಂಕಿ ಬಂದದ್ದು ಇನ್ನೊಂದು ದಾರಿಯಿಂದ! ಒಳ್ಳೆಯ ಮ್ಯಾಗಜೀನು ಇಂಚಿಗೆ ಸುಮಾರು 150 ಚುಕ್ಕಿಸಾಲು ಹಾಕುತ್ತದೆ. ಪ್ರತಿ ಸಾಲಿಗೆ ಎರಡು ಪಿಕ್ಸೆಲ್ ಇರಲಿ ಅನ್ನುವುದು ಕಸುಬಿನವರ ನಿಯಮ. ಎರಡು ನೂರೈವತ್ತು ಮುನ್ನೂರು! ದಿನಪತ್ರಿಕೆಯ ಕಾಗದ ಶಾಯಿ ಹೀರುತ್ತದೆ, ಚುಕ್ಕಿ ಹರಡಿಕೊಳ್ಳುತ್ತದೆ. ಅಲ್ಲಿ 85 ಸಾಲು. 170 ಪಿಕ್ಸೆಲ್ ಕೊಟ್ಟರೆ ಆಯಿತು.

ಮನೆಯ ಪ್ರಿಂಟರ್ ಡಬ್ಬಿ ಮೇಲೆ '4800 ಡಿಪಿಐ' ಅಂತ ಬರೆದಿರುತ್ತದೆ. ಹಾಗಂತ ಇಂಚಿಗೆ 4800 ಪಿಕ್ಸೆಲ್‌ನ ಫೋಟೋ ಹುಡುಕಲು ಹೋಗಬೇಡಿ! ಅದು ಶಾಯಿ ಹನಿಗಳ ಲೆಕ್ಕ. ನಿಮ್ಮ ಫೋಟೋದ ಒಂದು ಪಿಕ್ಸೆಲ್ಲಿನ ಬಣ್ಣ ಹೊಂದಿಸಲು ಪ್ರಿಂಟರ್ ಹಲವು ಹನಿಗಳನ್ನು ಸಿಂಪಡಿಸುತ್ತದೆ.

ಬಿಸಿ ತಾಗಿಸಿ ಶಾಯಿ ಸಿಂಪಡಿಸುವ ಉಪಾಯ ಕ್ಯಾನನ್ ಕಂಪನಿಗೆ ಹೊಳೆದದ್ದು ಹೇಗೆ ಗೊತ್ತೇ? 1977ರಲ್ಲಿ ಜಪಾನಿನ ಆ ಕಂಪನಿಯ ಪ್ರಯೋಗಾಲಯದಲ್ಲಿ ಕಾದ ಬೆಸುಗೆಕಡ್ಡಿಯೊಂದು ಶಾಯಿ ತುಂಬಿದ ಸಿರಿಂಜಿನ ಸೂಜಿಗೆ ಆಕಸ್ಮಿಕವಾಗಿ ತಗುಲಿತು. ಶಾಯಿ ಚಿಮ್ಮಿತು! ಬಿಸಿ ತಾಗಿಸಿ ಹನಿ ಹಾರಿಸಬಹುದು ಅನ್ನುವುದು ಅಲ್ಲೇ ಹೊಳೆಯಿತು.

ಅಚ್ಚಿನ ಸೂಕ್ಷ್ಮ ನೋಡಬೇಕೆಂದರೆ ಪರ್ಸು ತೆರೆಯಿರಿ! ನೇರಳೆ ಬಣ್ಣದ ನೂರು ರೂಪಾಯಿ ನೋಟಿನಲ್ಲಿ 'ಆರ್‌ಬಿಐ', 'ಇಂಡಿಯಾ' ಮುಂತಾದ ಅಕ್ಷರಗಳು ಬರಿಗಣ್ಣಿಗೆ ಬರೀ ಗೆರೆಯಂತೆ ಕಾಣುವಷ್ಟು ಸಣ್ಣಗೆ ಅಚ್ಚಾಗಿವೆ. ಭೂತಗನ್ನಡಿ ಹಿಡಿದರೆ ಒಂದೊಂದೂ ಓದಲು ಬರುತ್ತದೆ. ದೇಶದಲ್ಲಿ ನೋಟು ಅಚ್ಚಾಗುವ ನಾಲ್ಕೇ ಮುದ್ರಣಾಲಯಗಳಲ್ಲಿ ಒಂದು ನಮ್ಮ ಮೈಸೂರಿನಲ್ಲಿದೆ!

ಈಗ ಕ್ಯಾಮೆರಾದ ಹೊಟ್ಟೆಯೊಳಗೆ ಇಣುಕಿ. ನಿಮ್ಮ ಬಣ್ಣದ ಫೋಟೋದಲ್ಲಿ ಮೂರರಲ್ಲಿ ಎರಡು ಪಾಲು ಬಣ್ಣ ಬರೀ ಊಹೆ! ಹೌದು. ಸೆನ್ಸರಿನ ಒಂದೊಂದು ಪಿಕ್ಸೆಲ್ ಮೇಲೂ ಒಂದೇ ಬಣ್ಣದ ಸೋಸುಗಾಜು. ಅರ್ಧದಷ್ಟು ಹಸಿರು, ಕಾಲು ಕೆಂಪು, ಕಾಲು ನೀಲಿ. ಹಸಿರು ಕಂಡ ಪಿಕ್ಸೆಲ್ ಕೆಂಪು, ನೀಲಿಗಳನ್ನು ಪಕ್ಕದವರನ್ನು ಕೇಳಿ ತುಂಬಿಕೊಳ್ಳುತ್ತದೆ. ಕೊಡಾಕ್‌ನ ಬ್ರೈಸ್ ಬೇಯರ್ 1976ರಲ್ಲಿ ಇದಕ್ಕೆ ಪೇಟೆಂಟ್ ಪಡೆದರು. ಇವತ್ತಿಗೂ ಹೆಚ್ಚುಕಮ್ಮಿ ಎಲ್ಲ ಫೋನುಗಳೂ ಇದೇ ದಾರಿಯಲ್ಲಿವೆ.

'200 ಮೆಗಾಪಿಕ್ಸೆಲ್' ಫೋನು ಸಾಮಾನ್ಯವಾಗಿ ಕೊಡುವ ಫೋಟೋ ಎಷ್ಟರದ್ದು? ಹನ್ನೆರಡೂವರೆಯದ್ದು! ಹದಿನಾರು ಪಿಕ್ಸೆಲ್‌ಗಳನ್ನು ಕೂಡಿಸಿ ಒಂದು ಮಾಡುತ್ತದೆ. ಯಾಕೆಂದರೆ ಆ ಪಿಕ್ಸೆಲ್ ಒಂದೊಂದರ ಅಗಲ ಕೆಂಪು ಬೆಳಕಿನ ಅಲೆಯ ಉದ್ದಕ್ಕೆ ಹತ್ತಿರಹತ್ತಿರ. ಬೆಳಕಿಗೇ ಇಕ್ಕಟ್ಟಾಗುವಷ್ಟು ಚಿಕ್ಕದು!

12 ಮೆಗಾಪಿಕ್ಸೆಲ್ ಫೋಟೋವನ್ನು ಹಾಗೇ ಬರೆದಿಟ್ಟರೆ 36 ಎಂಬಿ. ಆದರೆ ಫೋನಿನಲ್ಲಿ ನೋಡಿ, ಬರೀ ಮೂರೋ ನಾಲ್ಕೋ ಎಂಬಿ. ಉಳಿದದ್ದೆಲ್ಲ ಎಲ್ಲಿ ಹೋಯಿತು? ಇದರ ಹಿಂದಿನ ಗಣಿತ ಕೊಟ್ಟವರು ನಮ್ಮ ಬೆಂಗಳೂರಿನ ಹುಡುಗ! ನಾಸಿರ್ ಅಹ್ಮದ್. 1940ರಲ್ಲಿ ಹುಟ್ಟಿದವರು, ಓದಿದ್ದು ಕೆ.ಆರ್. ವೃತ್ತದ ವಿಶ್ವೇಶ್ವರಯ್ಯ ಎಂಜಿನಿಯರಿಂಗ್ ಕಾಲೇಜಿನಲ್ಲಿ. ಯುವಿಸಿಇ ಅಂದರೆ ಊರಿಗೆಲ್ಲ ಗೊತ್ತು.

ಅಮೆರಿಕಕ್ಕೆ ಹೋದ ಅವರು 1972ರಲ್ಲಿ ಒಂದು ಉಪಾಯದ ಅಧ್ಯಯನಕ್ಕೆ ಅಲ್ಲಿನ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದ ಹಣ ಕೇಳಿದರು. ಸಿಗಲಿಲ್ಲ! ಅರ್ಜಿ ನೋಡಿದವರಿಗೆ ಆ ಉಪಾಯ ತೀರಾ ಸರಳ ಅನ್ನಿಸಿತಂತೆ. ಅಹ್ಮದ್ ಬಿಡಲಿಲ್ಲ. ತಮ್ಮ ವಿದ್ಯಾರ್ಥಿ ಟಿ. ನಟರಾಜನ್, ಗೆಳೆಯ ಕೆ.ಆರ್. ರಾವ್ ಜೊತೆ ಕೆಲಸ ಮುಂದುವರಿಸಿ 1974ರಲ್ಲಿ ಪ್ರಕಟಿಸಿದರು. ಅದೇ ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್. 1992ರಲ್ಲಿ ಜೆಪೆಗ್ ಎಂಬ ಮಾನದಂಡ ಬಂದದ್ದು ಅದರ ಹೆಗಲ ಮೇಲೆ. ನೀವು ಇವತ್ತು ಬೆಳಿಗ್ಗೆ ಕಳಿಸಿದ ಶುಭೋದಯದ ಹೂವಿನ ಚಿತ್ರದಲ್ಲೂ ಬಹುಪಾಲು ಅವರ ಗಣಿತವಿದೆ!

ಅದರ ಕೆಲಸ ನೋಡಿ. ಫೋಟೋವನ್ನು ಎಂಟೆಂಟು ಪಿಕ್ಸೆಲ್‌ನ ಚೌಕಗಳಾಗಿ ಕತ್ತರಿಸುತ್ತದೆ. ಒಂದೊಂದು ಚೌಕವನ್ನೂ 64 ಬಗೆಯ ಅಲೆಗಳ ಮಿಶ್ರಣವಾಗಿ ಬರೆಯುತ್ತದೆ. ಕಣ್ಣಿಗೆ ಗೊತ್ತೇ ಆಗದ ಸಣ್ಣ ಅಲೆಗಳನ್ನು ಕೈಬಿಡುತ್ತದೆ. ತೀರಾ ಹಿಂಡಿದ ಫೋಟೋ ಹಿಗ್ಗಿಸಿ ನೋಡಿ, ಆ ಚೌಕಗಳು ಕಣ್ಣೆದುರೇ ಎದ್ದು ನಿಲ್ಲುತ್ತವೆ!

ವಾಟ್ಸ್‌ಆಪ್‌ನಲ್ಲಿ ಬಂದ ಫೋಟೋ ಪರದೆ ಮೇಲೆ ಚಂದ, ಪ್ರಿಂಟಿನಲ್ಲಿ ಮಂಕು. ಯಾಕೆ? ಸಾಮಾನ್ಯ ರೀತಿಯಲ್ಲಿ ಕಳಿಸಿದಾಗ ಪಿಕ್ಸೆಲ್ ಕಮ್ಮಿಯಾಗುತ್ತದೆ. ಉದ್ದದ ಬದಿಯಲ್ಲಿ 1600 ಉಳಿದಿದ್ದರೆ 300ರಿಂದ ಭಾಗಿಸಿ, ಐದು ಇಂಚು ಚಿಲ್ಲರೆ. ಪ್ರಿಂಟಿಗೆ ಬೇಕಾದ್ದನ್ನು 'ಡಾಕ್ಯುಮೆಂಟ್' ಆಗಿ ಕಳಿಸಿ. ಒಂದು ಪಿಕ್ಸೆಲ್ಲೂ ಅಲುಗದೆ ಹೋಗುತ್ತದೆ!

ಕೈಯಲ್ಲಿ ಹಿಡಿಯುವ ಜಗತ್ತಿನ ಮೊದಲ ಡಿಜಿಟಲ್ ಕ್ಯಾಮೆರಾ ಬಂದದ್ದು 1975ರಲ್ಲಿ. ಕೊಡಾಕ್‌ನ ಸ್ಟೀವನ್ ಸ್ಯಾಸನ್ ಕಟ್ಟಿದ್ದು. ತೂಕ 3.6 ಕಿಲೋ! ಚಿತ್ರ 100 ಗುಣಿಸು 100 ಪಿಕ್ಸೆಲ್. ಅದನ್ನು ಉಳಿಸುತ್ತಿದ್ದದ್ದು ಎಲ್ಲಿ? ಹಾಡು ಕೇಳುವ ಕ್ಯಾಸೆಟ್ಟಿನಲ್ಲಿ! ಒಂದು ಫೋಟೋಗೆ 23 ಸೆಕೆಂಡು.

ಅದಕ್ಕೂ ಹತ್ತು ವರ್ಷ ಮುಂಚೆ, 1965ರ ಜುಲೈನಲ್ಲಿ, ಮ್ಯಾರಿನರ್ 4 ನೌಕೆ ಮಂಗಳನ ಪಕ್ಕ ಹಾರಿ ಫೋಟೋ ತೆಗೆಯಿತು. ಒಂದೊಂದೂ 200 ಗುಣಿಸು 200 ಪಿಕ್ಸೆಲ್. ಅಂಥ ಒಂದು ಫೋಟೋ ಭೂಮಿಗೆ ಇಳಿಯಲು ಎಷ್ಟು ಹೊತ್ತು? ಎಂಟು ಗಂಟೆಗೂ ಮೇಲೆ! ಸೆಕೆಂಡಿಗೆ ಎಂಟು ಬಿಟ್ ಚಿಲ್ಲರೆ ವೇಗ. ಕ್ಯಾಲಿಫೋರ್ನಿಯಾದ ಜೆಪಿಎಲ್ ಪ್ರಯೋಗಾಲಯದ ಎಂಜಿನಿಯರುಗಳಿಗೆ ಕಾಯಲು ತಾಳ್ಮೆಯೇ ಇಲ್ಲ. ಬಂದ ಅಂಕಿಗಳನ್ನು ಕಾಗದದ ಪಟ್ಟಿಗಳಲ್ಲಿ ಅಚ್ಚು ಹಾಕಿ, ಗೋಡೆಗೆ ಸಾಲಾಗಿ ಅಂಟಿಸಿ, ಅಂಕಿಗೊಂದು ಬಣ್ಣದಂತೆ ಕೈಯಲ್ಲೇ ತುಂಬುತ್ತ ಹೋದರು! ಬೂದುಬಣ್ಣದ ಸೀಮೆಸುಣ್ಣ ಕೇಳಿದ್ದಕ್ಕೆ ಅಂಗಡಿಯಲ್ಲಿ ಸಿಕ್ಕದ್ದು ಬಣ್ಣಬಣ್ಣದ ಪೇಸ್ಟಲ್ ಕಡ್ಡಿಗಳಂತೆ. ಹಾಗಾಗಿ ಮಂಗಳನ ಆ ಚಿತ್ರ ಕಂದು, ಕೆಂಪು, ಹಳದಿಯಲ್ಲಿ ಮೂಡಿತು. ನೌಕೆ ಬಣ್ಣ ಕಳಿಸಿರಲೇ ಇಲ್ಲ. ಆದರೂ ಮಂಗಳಕ್ಕೆ ಒಪ್ಪುವ ಬಣ್ಣವೇ ಬಂತು!

ನೀವು, ನಾನು, ಭೂಮಿಯ ಮೇಲಿನ ಎಲ್ಲರೂ ಒಂದು ಫೋಟೋದಲ್ಲಿ ಎಷ್ಟು ಪಿಕ್ಸೆಲ್ ಗೊತ್ತೇ? 0.12! 1990ರ ಫೆಬ್ರುವರಿ 14ರಂದು ವಾಯೇಜರ್ 1 ನೌಕೆ 600 ಕೋಟಿ ಕಿಲೋಮೀಟರ್ ಆಚೆಯಿಂದ ತೆಗೆದ ಚಿತ್ರದಲ್ಲಿ ಇಡೀ ಭೂಮಿ ಒಂದು ಪಿಕ್ಸೆಲ್ಲಿನ ಎಂಟನೇ ಒಂದು ಪಾಲಷ್ಟೇ.

ಉಪಗ್ರಹದ ಫೋಟೋಗಳಲ್ಲಿ ಇಂಚಿಗೆ ಎಷ್ಟು ಪಿಕ್ಸೆಲ್ ಅಂತ ಯಾರೂ ಕೇಳುವುದಿಲ್ಲ. ಒಂದು ಪಿಕ್ಸೆಲ್ಲಿಗೆ ಎಷ್ಟು ನೆಲ ಅಂತ ಕೇಳುತ್ತಾರೆ! 2019ರ ನವೆಂಬರಿನಲ್ಲಿ ಹಾರಿದ ಇಸ್ರೋದ ಕಾರ್ಟೋಸ್ಯಾಟ್-3 ಸುಮಾರು 500 ಕಿ.ಮೀ. ಎತ್ತರದಿಂದ 25 ಸೆಂ.ಮೀ. ನೆಲವನ್ನು ಒಂದು ಪಿಕ್ಸೆಲ್ ಮಾಡುತ್ತದೆ. ಚಂದ್ರಯಾನ-2ರ ಕ್ಯಾಮೆರಾ 100 ಕಿ.ಮೀ. ಎತ್ತರದಿಂದ ಚಂದ್ರನ ನೆಲವನ್ನೂ ಅಷ್ಟೇ ಸೂಕ್ಷ್ಮವಾಗಿ ನೋಡುತ್ತದೆ!

ಚಿಲಿ ದೇಶದ ಬೆಟ್ಟದ ಮೇಲಿರುವ ರೂಬಿನ್ ವೀಕ್ಷಣಾಲಯದ ಕ್ಯಾಮೆರಾ 3,200 ಮೆಗಾಪಿಕ್ಸೆಲ್. ಅದರ ಒಂದು ಫೋಟೋವನ್ನು ಪೂರ್ತಿ ಬಿಚ್ಚಿ ನೋಡಲು ಸುಮಾರು 380 4ಕೆ ಟಿ.ವಿ.ಗಳನ್ನು ಜೋಡಿಸಬೇಕು!

ಅಷ್ಟು ದೂರ ಯಾಕೆ, ಅಟ್ಟದ ಮೇಲಿನ ಡಬ್ಬಿ ಇಳಿಸಿ. ಹಳೆಯ ನೆಗೆಟಿವ್ ಸಿಕ್ಕಿತೇ? 35 ಎಂ.ಎಂ. ರೀಲಿನ ಒಂದು ಚಿತ್ರ 36 ಗುಣಿಸು 24 ಮಿ.ಮೀ. ಅದನ್ನು 300 ಡಿಪಿಐಗೆ ಸ್ಕ್ಯಾನ್ ಮಾಡಿದರೆ ಬರುವುದು 425 ಗುಣಿಸು 283 ಪಿಕ್ಸೆಲ್, ಆಲ್ಬಂ ಪ್ರಿಂಟಿಗೂ ಸಾಲದು. ಅದೇ ನೆಗೆಟಿವನ್ನು 4000 ಡಿಪಿಐಗೆ ಮಾಡಿಸಿ. 21 ಮೆಗಾಪಿಕ್ಸೆಲ್! ಸ್ಕ್ಯಾನ್ ಮಾಡುವಾಗ ಮಾತ್ರ ಡಿಪಿಐ ಬರೀ ಚೀಟಿಯಲ್ಲ. ಎಷ್ಟು ಪಿಕ್ಸೆಲ್ ಹುಟ್ಟಬೇಕು ಅನ್ನುವುದನ್ನು ಅದೇ ತೀರ್ಮಾನಿಸುತ್ತದೆ. ಅಂಗಡಿಯವರಿಗೆ ನೆಗೆಟಿವ್ ಕೊಡುವಾಗ ಆ ಅಂಕಿಯನ್ನು ಬಾಯಿಬಿಟ್ಟು ಹೇಳಿ.

ಕೊನೆಗೆ ಎಲ್ಲಕ್ಕೂ ದೊಡ್ಡಪ್ಪ! ಆಮ್‌ಸ್ಟರ್‌ಡ್ಯಾಮಿನ ರೈಕ್ಸ್ ಮ್ಯೂಸಿಯಂ 2022ರ ಜನವರಿಯಲ್ಲಿ ರೆಂಬ್ರಾಂಟ್‌ನ 'ನೈಟ್ ವಾಚ್' ಚಿತ್ರದ ಫೋಟೋ ಹೊರತಂದಿತು. 8,439 ಫೋಟೋಗಳನ್ನು ಹೊಲಿದು ಒಂದು ಮಾಡಿದ್ದು. ಫೈಲು 5.6 ಟೆರಾಬೈಟ್. 9,25,000 ಗುಣಿಸು 7,75,000 ಪಿಕ್ಸೆಲ್. ಪಿಕ್ಸೆಲ್ಲಿನಿಂದ ಪಿಕ್ಸೆಲ್ಲಿಗೆ 5 ಮೈಕ್ರಾನ್, ನಿಮ್ಮ ರಕ್ತದ ಕೆಂಪು ಕಣಕ್ಕಿಂತ ಚಿಕ್ಕದು! 300ರಿಂದ ಭಾಗಿಸುವ ವಿದ್ಯೆ ಈಗ ನಿಮಗೆ ಬಂದಿದೆಯಲ್ಲ, ಹಾಕಿ ನೋಡಿ. ಸುಮಾರು 78 ಮೀಟರ್ ಅಗಲ, 66 ಮೀಟರ್ ಎತ್ತರದ ಪ್ರಿಂಟು. ಅದನ್ನೂ ಒಂದಡಿ ದೂರದಿಂದ ನೋಡಬಹುದು, ಒಂದು ಚುಕ್ಕಿಯೂ ಕಾಣದು!